ಎತ್ತಿಗೂ ಹಲ್ಲು, ಈಲ್‌ಗೂ ಹಲ್ಲು: ಮೊದಲ ಉಪ್ಪುನೀರಿನ ಟ್ಯಾಂಕಿಗೆ ಯಾವ ಹಾವುಮೀನು?

ಸಾಗರ ಪೇಟೆಯಲ್ಲಿರುವ ಅಕ್ಕನ ಮಗ ಒಂದು ರಾತ್ರಿ ಈಲ್ ಎಂಬ ಹಾವುಮೀನಿನ ಫೋಟೋ ಕಳಿಸಿದ್ದ. ಕಡುನೀಲಿ ಮೈ, ಬೆನ್ನುದ್ದಕ್ಕೂ ಹಳದಿ ಪಟ್ಟಿ, ಮೂಗಿನ ತುದಿಯಲ್ಲಿ ಎಲೆಯ ಹಾಗೆ ಅರಳಿದ ಎರಡು ಹೊಳ್ಳೆ. "ಮಾವ, ಟ್ಯಾಂಕ್ ರೆಡಿ ಇದೆ. ಇದನ್ನೇ ತರ್ಲಾ?" ಬೇಡ ಎಂದೆ. "ಎಂತಕ್ಕೆ?" ಎಂದ. ಅರ್ಧ ಗಂಟೆ ಮಾತಾಡಿದರೂ ಅವನಿಗೆ ಸಮಾಧಾನ ಆಗಲಿಲ್ಲ. ಅವನಿಗೆ ಹೇಳಿದ್ದನ್ನೂ, ಹೇಳಲು ಮರೆತದ್ದನ್ನೂ ಇಲ್ಲಿ ಬರೆದಿದ್ದೇನೆ.

ನಮ್ಮಜ್ಜ ಜಾತ್ರೆಯಲ್ಲಿ ಹೋರಿ ಕೊಳ್ಳಲು ಹೋದರೆ ಬಣ್ಣ, ಕೊಂಬು ಎಲ್ಲ ಆಮೇಲೆ. ಮೊದಲು ಮೂಗುದಾರ ಹಿಡಿದು, ತುಟಿ ಎತ್ತಿ ಹಲ್ಲು ನೋಡುತ್ತಿದ್ದರು. ಎರಡು ಹಲ್ಲೋ, ನಾಲ್ಕು ಹಲ್ಲೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯೋ. ಈಲ್ ಕೊಳ್ಳುವಾಗಲೂ ಅದೇ ಬುದ್ಧಿ ಬೇಕು. ಬೆರಳು ಹಾಕಿ ತುಟಿ ಎತ್ತಲು ಹೋಗಬೇಡಿ, ಅಷ್ಟೇ. ಜಾತಿ ಯಾವುದು ಎಂದು ತಿಳಿದರೆ ಹಲ್ಲು ಹೇಗಿದೆ ಎಂದು ತಿಳಿಯುತ್ತದೆ. ಹಲ್ಲು ತಿಳಿದರೆ ಉಳಿದದ್ದೆಲ್ಲ ತಿಳಿದ ಹಾಗೆ: ಅದು ಏನು ತಿನ್ನುತ್ತದೆ, ಜೊತೆಗೆ ಯಾವ ಮೀನು ಬಿಡಬಹುದು, ನಿಮ್ಮ ಬೆರಳಿಗೆ ಎಷ್ಟು ಅಪಾಯ, ಫ್ರಿಜ್‌ನಲ್ಲಿ ಏನು ಇಡಬೇಕು.

ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಈಲ್‌ಗಳು ಹೆಚ್ಚಾಗಿ ಮೊರೇ ಜಾತಿಯವು. ಇವುಗಳಲ್ಲಿ ಎರಡು ಬಗೆಯ ಬಾಯಿ ಇದೆ ಎಂದು ಇಟ್ಟುಕೊಳ್ಳಿ. ಒಂದು ಸೂಜಿ ಹಲ್ಲಿನದು. ಜಾರುವ ಮೀನನ್ನು ಚುಚ್ಚಿ ಹಿಡಿಯಲು ಅದು ಬೇಕು. ಇನ್ನೊಂದು ಮೊಂಡು ಹಲ್ಲಿನದು. ಏಡಿ, ಸೀಗಡಿಯ ಚಿಪ್ಪು ಒಡೆಯಲು ಅದು ಬೇಕು. ಮೊದಲ ಸಲ ಸಾಕುವವರು ಮೊಂಡು ಹಲ್ಲಿನ ಕಡೆಗೇ ಇರಿ. ನನ್ನ ಮಟ್ಟಿಗೆ ಇದು ಚರ್ಚೆಯ ವಿಷಯವೇ ಅಲ್ಲ.

ಎತ್ತಿಗೆ ಇಲ್ಲದ ಇನ್ನೊಂದು ಸಂಗತಿ ಇವಕ್ಕಿದೆ. ಗಂಟಲೊಳಗೆ ಎರಡನೇ ದವಡೆ! ಮೊದಲ ದವಡೆ ಕಚ್ಚಿ ಹಿಡಿಯುತ್ತದೆ, ಒಳಗಿನ ದವಡೆ ಮುಂದೆ ಬಂದು ತುತ್ತನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅಮೆರಿಕದ ರೀಟಾ ಮೆಹ್ತಾ ಮತ್ತು ಪೀಟರ್ ವೇನ್‌ರೈಟ್ 2007ರಲ್ಲಿ ಇದನ್ನು ವಿಡಿಯೋ ಸಮೇತ ತೋರಿಸಿಕೊಟ್ಟರು. ಈಲ್ ಕಚ್ಚಿದಾಗ ಕೈ ಎಳೆದುಕೊಂಡರೆ ಗಾಯ ಜಾಸ್ತಿ ಆಗುತ್ತದೆ ಎಂದು ಹಳಬರು ಹೇಳುವುದು ಸುಮ್ನೆ ಅಲ್ಲ.

ಸ್ನೋಫ್ಲೇಕ್: ನನ್ನ ಓಟು ಇದಕ್ಕೆ

ಬಿಳಿ ಮೈ ಮೇಲೆ ಕಪ್ಪು ಮಸಿ ಚೆಲ್ಲಿದ ಹಾಗೆ ಎರಡು ಸಾಲು ಮಚ್ಚೆ, ನಡುನಡುವೆ ಹಳದಿ ಚುಕ್ಕಿ, ಹಳದಿ ಮೂಗು. ಶಾಸ್ತ್ರದ ಹೆಸರು ಎಕಿಡ್ನಾ ನೆಬ್ಯುಲೋಸಾ. ಆಫ್ರಿಕಾದ ಪೂರ್ವ ಕರಾವಳಿಯಿಂದ ಹಿಡಿದು ಪೆಸಿಫಿಕ್ ದಾಟಿ ಮಧ್ಯ ಅಮೆರಿಕದವರೆಗೂ ಇದೆ. ನಮ್ಮ ಲಕ್ಷದ್ವೀಪದ ನೀರಲ್ಲೂ ಇದೆ. ಮನೆಯ ಟ್ಯಾಂಕಿನಲ್ಲಿ ಸಾಮಾನ್ಯವಾಗಿ 2ರಿಂದ 2.5 ಅಡಿ ಬೆಳೆಯುತ್ತದೆ. ಈಲ್‌ಗಳ ಲೆಕ್ಕದಲ್ಲಿ ಇದು ಸಣ್ಣದು. ಬೆಲೆಯೂ ಇದರದ್ದೇ ಕಡಿಮೆ ಸಾಲಿನಲ್ಲಿ.

ಹಲ್ಲು ಮೊಂಡು. ಹಾಗಾಗಿ ಸೀಗಡಿ, ಏಡಿ ಇದರ ಮುಖ್ಯ ಊಟ. ಟ್ಯಾಂಕಿನಲ್ಲಿ ಬಣ್ಣದ ಕ್ಲೀನರ್ ಸೀಗಡಿ, ಪುಟ್ಟ ಏಡಿ ಇದ್ದರೆ ಅವನ್ನು ಮರೆತುಬಿಡಿ. ಒಂದೇ ವಾರ. ಮೀನುಗಳನ್ನು ಸಾಮಾನ್ಯವಾಗಿ ಬಿಡುತ್ತದೆ, ಅದರಲ್ಲೂ ತನ್ನ ಬಾಯಿಗಿಂತ ದೊಡ್ಡದಾಗಿರುವವನ್ನು. ರಾತ್ರಿ ಕಲ್ಲಿನ ಸಂದಿಯಲ್ಲಿ ಮಲಗುವ ಪುಟಾಣಿ ಮೀನಿಗೆ ಮಾತ್ರ ನಾನು ಗ್ಯಾರಂಟಿ ಕೊಡುವುದಿಲ್ಲ. ಕಣ್ಣು ಅಷ್ಟಕ್ಕಷ್ಟೇ, ಎಲ್ಲಾ ಮೂಗಿನಲ್ಲೇ. ಮುಂದೆ ನೇತಾಡುವ ಸೀಗಡಿಯನ್ನು ಬಿಟ್ಟು ಪಕ್ಕದ ಕಲ್ಲನ್ನು ಕಚ್ಚುವುದು ನೋಡಿದರೆ ನಗು ಬರುತ್ತದೆ. ಅದೇ ಕಾರಣಕ್ಕೆ ಸೀಗಡಿ ಮುಟ್ಟಿದ ಕೈಯನ್ನು ನೀರಿಗೆ ಹಾಕಬಾರದು. ಉದ್ದದ ಇಕ್ಕಳವೋ, ಬಿದಿರಿನ ಕಡ್ಡಿಯೋ ಇರಲಿ.

ಸದಾ ಬಾಯಿ ತೆರೆದು ಮುಚ್ಚುತ್ತಿರುತ್ತದೆ. ಮನೆಗೆ ಬಂದವರು "ಹೆದರಿಸ್ತಾ ಇದೆ" ಎನ್ನುತ್ತಾರೆ. ಅದು ಉಸಿರಾಟ, ಅಷ್ಟೇ. ನಮ್ಮಜ್ಜಿ ಮೊದಲ ದಿನ ನೋಡಿ ಹೇಳಿದ್ದು ಇನ್ನೂ ನೆನಪಿದೆ: "ಮನೆಗೆ ಬಂದ ಹಾವನ್ನ ಹೊರಗೆ ಹಾಕೋರನ್ನ ನೋಡಿದ್ದೆ. ದುಡ್ಡು ಕೊಟ್ಟು ತಂದು ಸೀಗಡಿ ತಿನ್ಸೋರನ್ನ ಈಗ ನೋಡಿದೆ." ನಾಗರ ಪಂಚಮಿಗೆ ಪಕ್ಕದ ಮನೆಯವರು ತಮಾಷೆಗೆ ಹಾಲಿನ ಲೋಟ ಹಿಡಿದು ಬಂದಿದ್ದರು. ಒಂದು ಹನಿಯೂ ಟ್ಯಾಂಕಿಗೆ ಬೀಳದ ಹಾಗೆ ಅಡ್ಡ ನಿಂತಿದ್ದೆ.

ಇದರ ಒಂದೇ ದೊಡ್ಡ ದುರ್ಗುಣ, ಓಡಿಹೋಗುವುದು. ಹೆಬ್ಬೆರಳು ತೂರುವ ಕಂಡಿ ಇದ್ದರೆ ಅಲ್ಲಿಂದ ಈಲ್ ಹೊರಗೆ ಬರುತ್ತದೆ ಎಂದೇ ತಿಳಿಯಿರಿ. ಒಂದು ಆಷಾಢದಲ್ಲಿ ರಾತ್ರಿ ಕರೆಂಟ್ ಹೋಯಿತು. ಬ್ಯಾಟರಿ ಏರ್ ಪಂಪಿನ ಟ್ಯೂಬ್ ಇಳಿಸಲು ಮುಚ್ಚಳದ ಒಂದು ಮೂಲೆ ಎತ್ತಿದೆ. ಮತ್ತೆ ಮುಚ್ಚಲು ಮರೆತೆ. ಬೆಳಿಗ್ಗೆ ಟ್ಯಾಂಕಿನಲ್ಲಿ ಈಲ್ ಇಲ್ಲ. ಮನೆಯೆಲ್ಲ ಹುಡುಕಿದ ಮೇಲೆ ಅಡಿಕೆ ಮೂಟೆಯ ಹಿಂದೆ ಸಿಕ್ಕಿತು. ಮೈಗೆಲ್ಲ ಧೂಳು, ಗೋಣಿಯ ನಾರು. ಆದರೆ ಉಸಿರು ಇತ್ತು! ಮಳೆಗಾಲದ ಥಂಡಿ ನೆಲ ಅದನ್ನು ಉಳಿಸಿತು. ಏಪ್ರಿಲ್ ಆಗಿದ್ದರೆ ಬಾಳಕದ ಮೆಣಸಿನ ಹಾಗೆ ಒಣಗಿರುತ್ತಿತ್ತು. ಇದೇ ಜಾತಿ ನೀರಿನ ಹೊರಗೂ ಬೇಟೆಯನ್ನು ನುಂಗಬಲ್ಲದು ಎಂದು 2021ರಲ್ಲಿ ಅದೇ ಮೆಹ್ತಾ ಇನ್ನೊಬ್ಬರ ಜೊತೆ ಸೇರಿ ತೋರಿಸಿದ್ದಾರೆ. ಗಂಟಲಿನ ದವಡೆ ಅಲ್ಲಿ ಕೆಲಸಕ್ಕೆ ಬರುತ್ತದೆ. ಅದಕ್ಕೆ ನೆಲ ಅಂದರೆ ನಾವು ಅಂದುಕೊಂಡಷ್ಟು ಭಯ ಇಲ್ಲ.

ಜೀಬ್ರಾ: ಜಾಗ ಇದ್ದವರಿಗೆ

ಕಂದು ಮೈಗೆ ಸುತ್ತಲೂ ತೆಳ್ಳನೆಯ ಬಿಳಿ ಬಳೆಗಳು. ಸ್ವಭಾವ ನೋಡಿದರೆ ಇದೇ ಎಲ್ಲಕ್ಕಿಂತ ಸಾಧು. ಹಲ್ಲುಗಳು ಒರಳಿನಲ್ಲಿ ಕುಟ್ಟುವ ಹಾಗಿವೆ, ಅಷ್ಟು ಚಪ್ಪಟೆ. ಏಡಿ ಇದ್ದರೆ ಬೇರೆ ಏನೂ ಬೇಡ. ಮೀನಿನ ತಂಟೆಗೆ ಹೋಗುವುದು ತೀರಾ ಅಪರೂಪ. ಹಾಗಾದರೆ ಮೊದಲ ಓಟು ಇದಕ್ಕೆ ಯಾಕಿಲ್ಲ? ಅಳತೆ. ಮನೆಯಲ್ಲಿ 3ರಿಂದ 4 ಅಡಿ ಬೆಳೆಯುತ್ತದೆ, ಸಮುದ್ರದಲ್ಲಿ 5 ಅಡಿವರೆಗೂ. ಕನಿಷ್ಠ 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಬೇಕು. ಅಂದರೆ 560 ಲೀಟರ್ ಮೇಲೆ ನೀರು. ನೀರಿನ ತೂಕವೇ ಅರ್ಧ ಟನ್ ದಾಟಿತು. ಹಳೇ ತೊಟ್ಟಿಮನೆಯ ಉಪ್ಪರಿಗೆಯ ಹಲಗೆ ಮೇಲೆ ಇದನ್ನು ಇಡುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಊಟದ್ದೂ ಸ್ವಲ್ಪ ರಗಳೆ. ಹೊಸದರಲ್ಲಿ ಏಡಿ ಬಿಟ್ಟು ಬೇರೆ ಮುಟ್ಟದೇ ಇರಬಹುದು. ಆಗ ನಮ್ಮವರಿಗೆ ಗದ್ದೆ ಏಡಿ ನೆನಪಾಗುತ್ತದೆ. ಮೊದಲ ಮಳೆಗೆ ಹಳ್ಳದ ಬದಿಯಲ್ಲಿ ಬೇಕಾದಷ್ಟು ಸಿಗುತ್ತವೆ ನಿಜ. ಆದರೆ ಗದ್ದೆಗೆ, ತೋಟಕ್ಕೆ ಹೊಡೆದ ಔಷಧಿಯೂ ಅದರ ಮೈಯಲ್ಲಿ ಇರಬಹುದು. ನಾನು ಕೊಡುವುದಿಲ್ಲ. ಘಟ್ಟ ಹತ್ತಿ ಬರುವ ಸಮುದ್ರದ ಏಡಿಯೇ ವಾಸಿ.

ರಿಬ್ಬನ್: ಫೋಟೋದಲ್ಲೇ ಇರಲಿ

ಅಕ್ಕನ ಮಗ ಕಳಿಸಿದ್ದು ಇದನ್ನೇ. ಇಷ್ಟು ಚೆಂದದ ಈಲ್ ಇನ್ನೊಂದಿಲ್ಲ, ಒಪ್ಪುತ್ತೇನೆ. ಮರಿಯಾಗಿದ್ದಾಗ ಕಪ್ಪು, ಗಂಡಾದಾಗ ನೀಲಿ, ಆಮೇಲೆ ಅದೇ ಮೀನು ಹೆಣ್ಣಾಗಿ ಹಳದಿಗೆ ತಿರುಗುತ್ತದೆ. ಒಂದೇ ಜನ್ಮದಲ್ಲಿ ಮೂರು ಬಣ್ಣ. 4 ಅಡಿ ಉದ್ದ ಬೆಳೆದರೂ ಮೈ ಬೆರಳು ಗಾತ್ರ.

ತೊಂದರೆ ಇರುವುದು ಊಟದಲ್ಲಿ. ಇದು ಮರಳಿನ ಬಿಲದಿಂದ ತಲೆ ಹೊರಗಿಟ್ಟು, ಹತ್ತಿರ ಬರುವ ಜೀವಂತ ಸಣ್ಣ ಮೀನನ್ನು ಹಿಡಿಯುವ ಜಾತಿ. ಸತ್ತ ಸೀಗಡಿ ಕಡ್ಡಿಗೆ ಸಿಕ್ಕಿಸಿ ತೋರಿಸಿದರೆ ಮುಖ ತಿರುಗಿಸುತ್ತದೆ. ತಂದವುಗಳಲ್ಲಿ ಹೆಚ್ಚಿನವು ಊಟ ಬಿಟ್ಟು ಕೆಲವೇ ವಾರ, ತಿಂಗಳುಗಳಲ್ಲಿ ಸೊರಗಿ ಸಾಯುತ್ತವೆ. ತುಂಬಾ ಅನುಭವ ಇದ್ದವರ ಕೈಯಲ್ಲೂ ಇದೇ ಪಾಡು. ಮೊದಲ ಟ್ಯಾಂಕಿಗೆ ಇದನ್ನು ತರುವುದು ಅಂದರೆ ದುಡ್ಡು ಕೊಟ್ಟು ಉಪವಾಸ ನೋಡುವುದು, ಅಲ್ವಾ?

"ಸಿಹಿನೀರಿನ ಸ್ನೋಫ್ಲೇಕ್" ಎಂಬ ಸುಳ್ಳು

ಇದಕ್ಕೆ ನಾನೇ ಬಿದ್ದಿದ್ದೆ. ಬಹಳ ಹಿಂದೆ ಒಂದು ಅಂಗಡಿಯವರು "ಉಪ್ಪು ಬೇಡ ಸರ್, ಮಾಮೂಲಿ ನೀರಲ್ಲೇ ಇರುತ್ತೆ" ಎಂದು ಕಂದು ಬಣ್ಣದ, ಹಳದಿ ಚುಕ್ಕಿಯ ಈಲ್ ಕೊಟ್ಟರು. ಒಂದೆರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಊಟ ಬಿಟ್ಟಿತು, ಮೈ ಮಂಕಾಯಿತು, ಸತ್ತಿತು. ಅದು ಜಿಮ್ನೋಥೊರಾಕ್ಸ್ ಟೈಲ್ ಎಂಬ ಮೊರೇ. ಗಂಗಾ ನದಿಯ ಅಳಿವೆಯಂಥ ಜಾಗದಲ್ಲಿ, ನದಿಯೂ ಸಮುದ್ರವೂ ಸೇರುವ ಕಡೆ ಇರುವಂಥದ್ದು. ಬರೀ ಸಿಹಿನೀರಿನಲ್ಲಿ ಸ್ವಲ್ಪ ಕಾಲ ತಡೆದುಕೊಳ್ಳುತ್ತದೆ, ಬದುಕಿ ಉಳಿಯುವುದಿಲ್ಲ. ನಿಧಾನಕ್ಕೆ ಉಪ್ಪು ಏರಿಸಿ ಸಮುದ್ರದ ನೀರಿಗೆ ಹೊಂದಿಸಿದರೆ ಗಟ್ಟಿ ಪ್ರಾಣಿ. ಆದರೆ ಸಣ್ಣ ಮೀನು ತಿನ್ನುತ್ತದೆ. ಬೆಲೆ ಕಡಿಮೆ ಎಂದು ಆಸೆ ಆದರೆ ಇದನ್ನು ನೆನಪಿಡಿ.

ಉಪ್ಪಿನ ತಾಪತ್ರಯವೇ ಬೇಡ ಎನ್ನುವವರಿಗೆ ನಮ್ಮ ತುಂಗೆಯ ಮುಳ್ಳು ಹಾವುಮೀನಿನ ಜಾತಿಯವು ಇವೆ. ಅವು ಮೊರೇ ಅಲ್ಲ, ಹೊಳೆಯ ಮೀನು. ಅದರ ಕಥೆ ಬೇರೆ.

ಉಳಿದವು

ಹನಿಕೋಂಬ್ ಮೊರೇ ಮರಿ ಮುದ್ದಾಗಿರುತ್ತದೆ, ಜೇನುಗೂಡಿನ ಹಾಗೆ ಮೈ. ಸೂಜಿ ಹಲ್ಲು. ಸಮುದ್ರದಲ್ಲಿ 3 ಮೀಟರ್‌ವರೆಗೂ ಬೆಳೆಯುವ ಜಾತಿ. ಮನೆಗೆ ತರುವಂಥದ್ದೇ ಅಲ್ಲ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದವರು ಬಂಡೆ ಸಂದಿಯಿಂದ ಇಣುಕುವ ಮೊರೇಗಳ ಸುದ್ದಿ ಹೇಳುತ್ತಾರೆ. ದೊಡ್ಡವನ್ನು ಅಲ್ಲೇ ಹೋಗಿ ನೋಡುವುದು ಒಳ್ಳೆಯದು.

ಡ್ರ್ಯಾಗನ್ ಮೊರೇ ಬೆಲೆ ಕೇಳಿದರೆ ಅರ್ಧ ಕ್ವಿಂಟಲ್ ಅಡಿಕೆ ನೆನಪಾಗುತ್ತದೆ. ಮೀನು ತಿನ್ನುವ ಬಾಯಿ. ಮುಂದಿನದು ನೋಡೋಣ.

ಗೋಲ್ಡನ್ ಡ್ವಾರ್ಫ್ ಪೂರ್ತಿ ಬೆಳೆದರೂ ಒಂದು ಅಡಿ ಆಗುವುದಿಲ್ಲ. 100 ಲೀಟರ್ ಟ್ಯಾಂಕ್ ಸಾಕು. ಕೇಳಲು ಇದೇ ಸರಿ ಅನಿಸುತ್ತದೆ. ಆದರೆ ದುಬಾರಿ, ಸಿಗುವುದು ಅಪರೂಪ, ದಿನವಿಡೀ ಸಂದಿಯಲ್ಲೇ ಅಡಗಿರುತ್ತದೆ. ನೀರು ಕಡಿಮೆ ಇದ್ದಷ್ಟೂ ತಪ್ಪು ಬೇಗ ವಿಷವಾಗುತ್ತದೆ ಎಂಬುದೂ ಇದೆ. ಎರಡನೇ ಟ್ಯಾಂಕಿಗೆ ಇದು ಒಳ್ಳೆಯ ಯೋಚನೆ.

ಇನ್ನು ಎಂಜಿನಿಯರ್ ಗೋಬಿ. ಈಲ್ ಅಲ್ಲವೇ ಅಲ್ಲ, ನೋಡಲು ಮಾತ್ರ ಹಾಗೆ. ಮರಳು ತೋಡುತ್ತಲೇ ಇರುತ್ತದೆ. ಒಂದು ಅಡಿ ದಾಟುತ್ತದೆ. ಮನೆಯಲ್ಲಿ ಈಲ್ ಹೆಸರು ಕೇಳಿದರೇ ಬೆಚ್ಚುವವರು ಇದ್ದರೆ ಇದರಿಂದ ಶುರು ಮಾಡಬಹುದು.

ಮಲೆನಾಡಿನಲ್ಲಿ ಸಾಕುವಾಗ

ಸ್ನೋಫ್ಲೇಕ್ ಎಂದು ತೀರ್ಮಾನ ಆದರೆ 4 ಅಡಿ ಉದ್ದ, 1.5 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಮಾಡಿಸಿ. ಕಲ್ಲು, ಖಾಲಿ ಜಾಗ ಕಳೆದರೆ ಸುಮಾರು 300 ಲೀಟರ್ ನೀರು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಹತ್ತೂವರೆ ಕೆಜಿ ಅಕ್ವೇರಿಯಂ ಉಪ್ಪು ಬೇಕು. ಅಡಿಗೆ ಉಪ್ಪು ನಡೆಯುವುದಿಲ್ಲ. ಆಮೇಲೆ ಹದಿನೈದು ದಿನಕ್ಕೊಮ್ಮೆ 45 ಲೀಟರ್ ಬದಲಿಸಿದರೆ ಪ್ರತಿ ಸಲ ಒಂದೂವರೆ ಕೆಜಿ ಚಿಲ್ಲರೆ. ಈ ಖರ್ಚನ್ನು ಮೊದಲೇ ಲೆಕ್ಕ ಹಾಕಿ. ಈಲ್‌ನ ಬೆಲೆ ಇದರ ಮುಂದೆ ಏನೂ ಅಲ್ಲ. ಮಲ್ಪೆಯಿಂದ ಕ್ಯಾನಿನಲ್ಲಿ ಸಮುದ್ರದ ನೀರು ತರುತ್ತೇನೆ ಎನ್ನುವವರು ಇದ್ದಾರೆ. ಮಳೆಗಾಲದಲ್ಲಿ ದಡದ ನೀರಿಗೆ ಹೊಳೆ ನೀರು ಸೇರಿ ಉಪ್ಪೇ ಇಳಿದಿರುತ್ತದೆ. ಬಂದರಿನ ಡೀಸೆಲ್, ಕೊಳಕು ಬೇರೆ.

ಹೊಸ ಟ್ಯಾಂಕನ್ನು ನೀರು ತುಂಬಿಸಿ 4ರಿಂದ 6 ವಾರ ಈಲ್ ಬಿಡದೆ ಓಡಿಸಬೇಕು. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಎಂಬ ವಿಷವನ್ನು ಅಷ್ಟು ಅಪಾಯ ಇಲ್ಲದ ರೂಪಕ್ಕೆ ತಿರುಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಸಮಯ ಬೇಕು. ಈಲ್ ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ನೀರಿನ ಕೊಳಕನ್ನು ನೊರೆಯ ಜೊತೆ ಎತ್ತಿ ತೆಗೆಯುವ ಒಳ್ಳೆಯ ಪ್ರೋಟೀನ್ ಸ್ಕಿಮ್ಮರ್ ಇರಲೇಬೇಕು. ಇಲ್ಲಿ ಜಿಪುಣತನ ಬೇಡ.

ಇನ್ನು ತಾಮ್ರ. ಇದನ್ನು ಬೇರೆ ಊರಿನವರು ಇಷ್ಟು ಒತ್ತಿ ಹೇಳುವುದಿಲ್ಲ, ನಾವು ಹೇಳಬೇಕು. ಈಲ್‌ಗೆ ಹುರುಪೆ ಇಲ್ಲ, ಮೈಮೇಲೆ ಬರೀ ಲೋಳೆ. ತಾಮ್ರದ ಔಷಧಿ ಅದಕ್ಕೆ ಆಗಿಬರುವುದಿಲ್ಲ. ನಮ್ಮಲ್ಲಿ ಜೂನ್ ಬಂತೆಂದರೆ ಅಡಿಕೆಗೆ ಕೊಳೆರೋಗದ ಔಷಧಿ. ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತ ಎಂದರೆ ತಾಮ್ರವೇ. ಆ ಡ್ರಮ್ಮು, ಬಕೆಟ್ಟು, ಪೈಪು ಎಷ್ಟು ತೊಳೆದರೂ ಟ್ಯಾಂಕಿನ ಕೆಲಸಕ್ಕೆ ಬೇಡ. ತೋಟದಿಂದ ಬಂದ ಕೈಯನ್ನು ಸೋಪು ಹಾಕಿ ತೊಳೆಯದೆ ನೀರಿಗೆ ಅದ್ದಬೇಡಿ. ಬಚ್ಚಲಿನ ತಾಮ್ರದ ಹಂಡೆ ನೀರೂ ಬೇಡ. ಮನೆಯ ಆರ್‌ಒ ಯಂತ್ರ ಕುಡಿಯುವ ನೀರಿಗೆ ತಾಮ್ರ ಸೇರಿಸುವ ಮಾದರಿಯದ್ದಾ, ನೋಡಿಕೊಳ್ಳಿ. ಈಗ ಅಂಥವು ಬಹಳ ಬಂದಿವೆ.

ತೋಟದಿಂದ ತರಬಹುದಾದ ಒಳ್ಳೆಯದೂ ಒಂದಿದೆ. ಸ್ಪ್ರಿಂಕ್ಲರ್ ಹಾಕಿ ಉಳಿದ ಎರಡಿಂಚಿನ ಪಿವಿಸಿ ಪೈಪಿನ ಹೊಸ ತುಂಡು. ಅಂಚು ಉಜ್ಜಿ ನಯ ಮಾಡಿ ಕಲ್ಲಿನ ಕೆಳಗೆ ಇಟ್ಟರೆ ಈಲ್‌ಗೆ ಅದೇ ಅರಮನೆ. ಕಲ್ಲುಗಳನ್ನು ಮೊದಲು ಗಾಜಿನ ತಳದ ಮೇಲೆ ಗಟ್ಟಿಯಾಗಿ ಕೂರಿಸಿ, ಆಮೇಲೆ ಮರಳು ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ ಈಲ್ ಕೆಳಗೆ ನುಗ್ಗಿ ಗೋಪುರ ಬೀಳಿಸುತ್ತದೆ. ಕಲ್ಲು ಎಂದರೆ ಸೆರಾಮಿಕ್ ಅಥವಾ ಕೃತಕ ಕಲ್ಲು. ಹವಳಗಳು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಬೀಚಿನಿಂದ ಹವಳದ ಚೂರು ತಂದು ಅಂದ ಮಾಡಲು ಹೋಗಬೇಡಿ.

ಕರೆಂಟಿನ ಕಥೆ ನಿಮಗೇ ಗೊತ್ತು. ಮರ ಬಿದ್ದರೆ ಎರಡು ದಿನವೂ ಆದೀತು. ಶಿವಮೊಗ್ಗ ಪೇಟೆಯಲ್ಲಿ ಪರವಾಗಿಲ್ಲ, ತೀರ್ಥಹಳ್ಳಿ, ಹೊಸನಗರದ ಒಳಹಳ್ಳಿಗಳಲ್ಲಿ ಇದೇ ಮೊದಲ ಪ್ರಶ್ನೆ. ನೀರು ಕಲಕುವ ಒಂದು ಸಣ್ಣ ಪಂಪನ್ನಾದರೂ ಇನ್ವರ್ಟರಿಗೆ ಹಾಕಿ, ಜೊತೆಗೆ ಬ್ಯಾಟರಿ ಏರ್ ಪಂಪ್ ಇಡಿ. ಲೈಟು, ಸ್ಕಿಮ್ಮರ್ ಕಾಯುತ್ತವೆ. ಉಸಿರು ಕಾಯುವುದಿಲ್ಲ.

ನೀರಿನ ಬಿಸಿ 24ರಿಂದ 26 ಡಿಗ್ರಿ ಇದ್ದರೆ ಒಳ್ಳೆಯದು. ಏಪ್ರಿಲ್‌ನಲ್ಲಿ ಶಿವಮೊಗ್ಗದ ಸೆಕೆಗೆ ನೀರು 30 ದಾಟುತ್ತದೆ. ಆಗ ಮೇಲಿನಿಂದ ಸಣ್ಣ ಫ್ಯಾನ್ ಬೀಸಿದರೆ ನೀರು ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟಕ್ಕೆ ಸಿಹಿನೀರನ್ನೇ ಸೇರಿಸಬೇಕು, ಉಪ್ಪುನೀರನ್ನಲ್ಲ. ಉಪ್ಪು ಆವಿಯಾಗುವುದಿಲ್ಲವಲ್ಲ. ಆವಿ ಹೊರಗೆ ಹೋದರೇ ನೀರು ತಣಿಯುವುದು, ಅದಕ್ಕೇ ಗಾಜಿನ ಮುಚ್ಚಳಕ್ಕಿಂತ ಸಣ್ಣ ಕಣ್ಣಿನ ಪ್ಲಾಸ್ಟಿಕ್ ಬಲೆಯ ಚೌಕಟ್ಟು ಮೇಲು. ಗಾಳಿಯೂ ಆಡುತ್ತದೆ, ಈಲ್ ಹೋಗುವುದಿಲ್ಲ. ಪೈಪು, ವೈರು ಇಳಿಯುವ ಕಂಡಿಗಳನ್ನು ಸ್ಪಂಜು ತುರುಕಿ ಮುಚ್ಚಿ. ಡಿಸೆಂಬರ್ ಚಳಿಗೆ ಹೀಟರ್ ಬೇಕು, ಅದಕ್ಕೆ ಪ್ಲಾಸ್ಟಿಕ್ ಗೂಡೂ ಬೇಕು. ಇಲ್ಲದಿದ್ದರೆ ಈಲ್ ಅದನ್ನೇ ಸುತ್ತಿ ಮಲಗಿ ಮೈ ಸುಟ್ಟುಕೊಳ್ಳುತ್ತದೆ.

ಊಟಕ್ಕೆ ಸೀಗಡಿ, ಬೊಂಡಾಸ್ (ಸ್ಕ್ವಿಡ್), ಆಗಾಗ ಏಡಿ. ಮರಿಗೆ ವಾರಕ್ಕೆ ಮೂರು ಸಲ, ದೊಡ್ಡದಕ್ಕೆ ಎರಡು ಸಲ. ಬಂಗುಡೆ, ಬೂತಾಯಿ ಸುಲಭಕ್ಕೆ ಸಿಗುತ್ತವೆ, ಆದರೆ ಎಣ್ಣೆ ಬಿಟ್ಟು ನೀರು ಕೆಡಿಸುತ್ತವೆ. ಇದಕ್ಕಿಂತ ಕಷ್ಟದ ಪ್ರಶ್ನೆ ಎಂದರೆ, ನಿಮ್ಮ ಮನೆಯ ಫ್ರೀಜರಿನಲ್ಲಿ ಸೀಗಡಿ ಇಡಲು ಒಪ್ಪುತ್ತಾರಾ? ಸಸ್ಯಾಹಾರಿ ಮನೆಯ ಗೆಳೆಯರೊಬ್ಬರು ಎಲ್ಲ ಸಜ್ಜು ಮಾಡಿ ಕಡೆಗೆ ಇದೊಂದರಲ್ಲಿ ಸೋತರು. ಬೇಳೆ ತಿಂದು ಬದುಕುವ ಈಲ್ ಇಲ್ಲ.

ಮೀನು ಬೆಂಗಳೂರಿನಿಂದಲೋ ಚೆನ್ನೈನ ಕೊಳತ್ತೂರಿನಿಂದಲೋ ಬರಬೇಕಾಗಬಹುದು. ದುಡ್ಡು ಕೊಡುವ ಮೊದಲು ಅದು ಸತ್ತ ಸೀಗಡಿ ತಿನ್ನುವ ವಿಡಿಯೋ ಕೇಳಿ. ತಿನ್ನುವುದನ್ನು ತೋರಿಸದವರಿಂದ ಕೊಳ್ಳಬೇಡಿ. ಮೂತಿಯ ಮೇಲೆ ಗಾಯ, ತಲೆಯ ಹಿಂದೆ ಹಳ್ಳ ಬಿದ್ದ ಬೆನ್ನು ಇದ್ದರೂ ಬೇಡ. ಮನೆಗೆ ತಂದ ಮೇಲೆ ಲೈಟ್ ಆರಿಸಿ. ಹನಿ ಹನಿಯಾಗಿ ಟ್ಯಾಂಕಿನ ನೀರು ಸೇರಿಸಿ ಹೊಂದಿಸಿ. ಆಮೇಲೆ ಒಂದು ವಾರ, ಹತ್ತು ದಿನ ಅದು ಏನೂ ತಿನ್ನದಿದ್ದರೆ ಗಾಬರಿ ಬೇಡ. ರಾತ್ರಿ ಕತ್ತಲಲ್ಲಿ ಬೊಂಡಾಸ್ ಚೂರನ್ನು ಪೈಪಿನ ಬಾಯಿಯ ಹತ್ತಿರ ಹಿಡಿಯಿರಿ. ಒಲ್ಲೆ ಎಂದರೆ ತೆಗೆದುಬಿಡಿ, ನೀರಲ್ಲಿ ಕೊಳೆಯಲು ಬಿಡಬೇಡಿ.

ಅಕ್ಕನ ಮಗ ಕೊನೆಗೆ ಸ್ನೋಫ್ಲೇಕ್ ಮರಿಯನ್ನೇ ತಂದ. ಎಂಟು ದಿನ ದಿನಕ್ಕೆರಡು ಫೋನ್. ಒಂಬತ್ತನೇ ರಾತ್ರಿ ಫೋನ್ ಬರಲಿಲ್ಲ, ವಿಡಿಯೋ ಬಂತು. ಪೈಪಿನಿಂದ ಹಳದಿ ಮೂಗು ಹೊರಗೆ ಬಂದು, ಮೊದಲು ಕಡ್ಡಿಯನ್ನು ಕಚ್ಚಿ, ಎರಡನೇ ಸಲಕ್ಕೆ ಸೀಗಡಿಯನ್ನು ಹಿಡಿಯಿತು. ನಾನು ನೋಡುತ್ತಿದ್ದದ್ದು ಮುಚ್ಚಳವನ್ನು. ನಾಲ್ಕು ಮೂಲೆಗೂ ಕ್ಲಿಪ್ ಇತ್ತು, ಅದರ ಮೇಲೆ ಎರಡು ಇಟ್ಟಿಗೆ ಬೇರೆ.